ಎರಡು ಪದ ಜಾಸ್ತಿ

ಫೋನಿನ ಕೆಳಗಿನ ಮೂಲೆಯಲ್ಲಿ 52 ಅಂತ ತೋರಿಸುತ್ತಿತ್ತು. ನನಗೆ ಬೇಕಾಗಿದ್ದದ್ದು 50. ರಾತ್ರಿ ಹನ್ನೊಂದೂವರೆ ದಾಟಿತ್ತು. ಪಾತ್ರೆ ತೊಳೆದಿಟ್ಟು, ಬಾಗಿಲು ಹಾಕಿ, ಮಲಗುವ ಮುಂಚೆ ಹತ್ತು ನಿಮಿಷ ಅಂತ ಕೂತವಳು ಮುಕ್ಕಾಲು ಗಂಟೆಯಿಂದ ಎರಡು ಪದಕ್ಕೆ ಒದ್ದಾಡುತ್ತಿದ್ದೆ. ಯಾವ ಎರಡು ಪದ ಹೋಗಬೇಕು ಅಂತ ಗೊತ್ತಿತ್ತು. ತೆಗೆಯೋಕೆ ಕೈ ಬರುತ್ತಿರಲಿಲ್ಲ. ಆ ಎರಡು ಪದ ‘ಅಂದಳು ಅಮ್ಮ’.

ಅಂದರೆ ಅಮ್ಮನನ್ನೇ ಕಥೆಯಿಂದ ಹೊರಗೆ ಕಳಿಸಬೇಕಿತ್ತು.

ಲೆಕ್ಕ ಇಟ್ಟು ಬರೆಯೋದು ನನಗೆ ಹೊಸದಲ್ಲ. ನಾಲ್ಕು ವರ್ಷ ಆಯಿತು. ಯಶವಂತಪುರದಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿಯುವಷ್ಟರಲ್ಲಿ ಫೋನಿನಲ್ಲಿ ಏನಾದರೂ ಟೈಪ್ ಮಾಡುವ ಅಭ್ಯಾಸ. ಮೊದಮೊದಲು ಅದು ಡೈರಿ ತರಹ ಇತ್ತು. ಒಂದು ದಿನ ಪಕ್ಕದಲ್ಲಿ ನಿಂತಿದ್ದ ಹುಡುಗಿ ಫೋನಿನಲ್ಲಿ ‘ಹೂಂ’, ‘ಹೂಂ’, ‘ಇಲ್ಲ’, ‘ಹೂಂ’ ಅಂತ ಅಷ್ಟೇ ಹೇಳಿ, ಫೋನ್ ಬ್ಯಾಗಿಗೆ ಹಾಕಿ, ದುಪಟ್ಟಾದ ತುದಿಯಿಂದ ಕಣ್ಣು ಒರೆಸಿಕೊಂಡಳು. ಅದನ್ನು ಬರೆಯೋಕೆ ಹೋದಾಗ ನನಗೆ ಉದ್ದದ ಕಥೆ ಬೇಡ ಅನ್ನಿಸಿತು. ಅವಳು ನಾಲ್ಕು ಮಾತಿನಲ್ಲಿ ಮುಗಿಸಿದ್ದನ್ನು ನಾನು ನಾಲ್ಕು ಪುಟ ಮಾಡಿದರೆ ಅದರಲ್ಲಿ ಅವಳು ಉಳಿಯೋದಿಲ್ಲ, ನಾನೇ ತುಂಬಿಕೊಳ್ಳುತ್ತೇನೆ. ಅವತ್ತಿನಿಂದ ಮಿತಿ ಹಾಕಿಕೊಂಡೆ. ಮೊದಲು 100 ಪದ, ಈಗ ಹೆಚ್ಚಾಗಿ 50.

ಇಂಥ ಬರಹಕ್ಕೆ ನಮ್ಮಲ್ಲಿ ಹೆಸರು ಬೇಕಾದಷ್ಟಿವೆ. ಮಿನಿಕಥೆ, ನ್ಯಾನೊ ಕಥೆ, ಕಿರುಗತೆ, ಹನಿಗತೆ. ನನಗೆ ಹನಿಗತೆ ಇಷ್ಟ. ಹನಿ ಎಷ್ಟು ಸಣ್ಣದಾದರೂ ಮುರಿದ ತುಂಡಿನ ತರಹ ಕಾಣೋದಿಲ್ಲ.

ಸರಿಯಾಗಿ 100 ಪದ ಅನ್ನುವ ಲೆಕ್ಕ ಬಂದದ್ದು ಮಾತ್ರ ಇಂಗ್ಲಿಷಿನಿಂದ. 1980ರ ದಶಕದಲ್ಲಿ ಬ್ರಿಟನ್ನಿನ ಸೈನ್ಸ್ ಫಿಕ್ಷನ್ ಅಭಿಮಾನಿಗಳು, ಅದರಲ್ಲೂ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಗುಂಪಿನವರು, ಇದನ್ನು ಒಂದು ಆಟದ ತರಹ ಶುರು ಮಾಡಿದರು. ‘ಡ್ರಾಬಲ್’ ಅಂತ ಹೆಸರಿಟ್ಟರು. 99 ಆದರೂ ನಡೆಯೋದಿಲ್ಲ, 101 ಆದರೂ ನಡೆಯೋದಿಲ್ಲ. 1988ರಲ್ಲಿ ಅಂಥ ಕಥೆಗಳದ್ದೇ ಒಂದು ಪುಸ್ತಕ ಬಂತು. ನಾನು ಆ 100ನ್ನು ಹಾಗೇ ಎತ್ತಿ ಕನ್ನಡಕ್ಕೆ ಹಾಕಿಕೊಂಡೆ. ಬರೆಯುತ್ತಾ ಬರೆಯುತ್ತಾ ಏನೋ ಸರಿ ಹೋಗುತ್ತಿಲ್ಲ ಅನ್ನಿಸಿತು. ಇಂಗ್ಲಿಷಿನವರು ಜಾಗ ಸಾಲದು ಅಂತ ಪರದಾಡುತ್ತಾರಲ್ಲ, ನನಗೆ ಜಾಗ ಮಿಗುತ್ತಿತ್ತು. ಮಿಕ್ಕ ಜಾಗಕ್ಕೆ ಏನೇನೋ ತುರುಕುತ್ತಿದ್ದೆ. ಕಥೆ ಊದಿಕೊಳ್ಳುತ್ತಿತ್ತು.

ಕಾರಣ ತಿಳಿದಾಗ ತುಂಬಾ ಖುಷಿಯಾಯಿತು. ‘ಹೋಗಬೇಕಾಗಿತ್ತಂತೆ’ ಅನ್ನಿ. ನಮಗೆ ಅದು ಒಂದೇ ಪದ. ಇಂಗ್ಲಿಷಿನಲ್ಲಿ ಅಷ್ಟನ್ನು ಹೇಳೋಕೆ ಐದಾರು ಪದ ಬೇಕು. ಯಾರು ಹೋಗಬೇಕಿತ್ತು ಅಂತ ಬೇರೆ ಸೇರಿಸಬೇಕು. ‘ಬರ್ತೀನಿ’ ಅಂದರೆ ಸಾಕು, ನಾನು ಅನ್ನೋದು ಅದರೊಳಗೇ ಇದೆ. ‘ಮನೆಯಲ್ಲಿ’ ಅಂದರೆ ಅವರಿಗೆ ಎರಡು ಮೂರು ಪದ, ನಮಗೆ ಒಂದು. ನಮ್ಮ ಪದಗಳಿಗೆ ಬಾಲ ಇದೆ. ಬಾಲದಲ್ಲಿ ಸಾಮಾನು ತುಂಬಿಕೊಂಡು ಬರುತ್ತವೆ.

ಈ ಬಾಲಗಳ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಸಣ್ಣ ಕಥೆ ಬರೆಯದೇ ಹೋಗಿದ್ದರೆ ಇವು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ.

‘ಅಪ್ಪ ಬಂದ.’ ಇದು ಸುದ್ದಿ. ‘ಅಪ್ಪನೂ ಬಂದ.’ ಆಗಲೇ ಮನೆಯಲ್ಲಿ ಜನ ಸೇರಿದ್ದಾರೆ, ಏನೋ ಆಗಿದೆ. ‘ಅಪ್ಪನೇ ಬಂದ.’ ಬೇರೆ ಯಾರಾದರೂ ಬರಬೇಕಿತ್ತು, ಅಥವಾ ಅವನು ಬರುವವನಲ್ಲ. ‘ಅಪ್ಪ ಬಂದುಬಿಟ್ಟ.’ ಮಕ್ಕಳು ಏನೋ ಮಾಡಬಾರದ್ದು ಮಾಡುತ್ತಿದ್ದರು. ‘ಅಪ್ಪ ಬಂದಾನು.’ ಯಾರೋ ಬಾಗಿಲಲ್ಲಿ ಕೂತಿದ್ದಾರೆ, ಅವರಿಗೂ ನಂಬಿಕೆ ಇಲ್ಲ. ‘ಅಪ್ಪ ಬಂದನಂತೆ.’ ಹೇಳುತ್ತಿರುವವರು ಈಗ ಆ ಮನೆಯಲ್ಲಿಲ್ಲ. ಎರಡೇ ಪದ, ಆರು ಮನೆ.

ಇನ್ನೊಂದು ಸಲ ಇದು ಮುಖಕ್ಕೆ ಹೊಡೆದಂತೆ ಕಂಡದ್ದು ಸಬ್‌ ರಿಜಿಸ್ಟ್ರಾರ್ ಆಫೀಸಿನ ಮುಂದೆ. ಮರದ ಕೆಳಗೆ ಇಬ್ಬರು ಹೆಂಗಸರು ಕೂತಿದ್ದರು. ಒಬ್ಬರು ‘ನಮ್ಮಣ್ಣ ಮನೆ ಬರೆದುಕೊಟ್ಟ’ ಅಂದರು. ಇನ್ನೊಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮಣ್ಣ ಬರೆಸಿಕೊಂಡ’ ಅಂದರು. ಅಷ್ಟೇ. ಕೊಟ್ಟ, ಕೊಂಡ. ಆ ಎರಡು ಬಾಲಗಳ ನಡುವೆ ಎರಡು ಸಂಸಾರ, ಒಂದು ಕೋರ್ಟು ಕೇಸು, ಎಷ್ಟೋ ಹಬ್ಬಗಳಿಗೆ ನಿಂತುಹೋದ ಅರಿಶಿನ ಕುಂಕುಮ ಎಲ್ಲಾ ಇತ್ತು. ಮನೆಗೆ ಬಂದು ಬರೆಯೋಕೆ ಕೂತರೆ ಅದಕ್ಕಿಂತ ಒಳ್ಳೆಯದು ನನ್ನ ಕೈಲಿ ಆಗಲಿಲ್ಲ. ಅವರ ಮಾತನ್ನೇ ಬರೆದಿಟ್ಟುಕೊಂಡಿದ್ದೇನೆ.

ಮರ್ಯಾದೆಯ ಬಾಲ ಬೇರೆ. ‘ಬಂದರು’ ಅಂದರೆ ಒಬ್ಬರೋ ಹತ್ತು ಜನರೋ, ಗಂಡಸೋ ಹೆಂಗಸೋ ಗೊತ್ತಾಗೋದಿಲ್ಲ. ಬೇಕಾದಷ್ಟು ಹೊತ್ತು ಮುಚ್ಚಿಟ್ಟುಕೊಳ್ಳಬಹುದು. ನಮ್ಮ ಮನೆಯಲ್ಲಿ ಅಪ್ಪನಿಗೆ ‘ರು’, ಅಮ್ಮನಿಗೆ ‘ಳು’. ಅಪ್ಪ ಬಂದರು, ಅಮ್ಮ ಬಂದಳು. ಯಾರೂ ಕೂತು ಹೇಳಿಕೊಟ್ಟದ್ದಲ್ಲ. ಮನೆಯೊಳಗೆ ಯಾರಿಗೆ ಯಾರು ದೂರ, ಯಾರಿಗೆ ಯಾರು ಹತ್ತಿರ ಅನ್ನೋದು ಆ ಒಂದು ಅಕ್ಷರದಲ್ಲಿದೆ. ‘ನೀವು’ ಅನ್ನುತ್ತಿದ್ದವರು ‘ನೀನು’ ಅಂದ ದಿನ, ‘ನೀನು’ ಅನ್ನುತ್ತಿದ್ದವರು ‘ನೀವು’ ಅಂದ ದಿನ ಯಾರಿಗೂ ಮರೆಯೋದಿಲ್ಲ, ಅಲ್ವಾ?

ಬಾಲ ಇರೋದರಿಂದ ಒಂದು ಆಸೆಯೂ ಹುಟ್ಟುತ್ತದೆ. ಕಂಪ್ಯೂಟರು ಪದ ಎಣಿಸೋದು ನಡುವೆ ಬಿಟ್ಟ ಜಾಗ ನೋಡಿ. ‘ಹೋಗಿ ಬಿಟ್ಟ’ ಅಂದರೆ ಎರಡು, ‘ಹೋಗಿಬಿಟ್ಟ’ ಅಂದರೆ ಒಂದು. ಹಾಗಾದರೆ ಎಲ್ಲವನ್ನೂ ಅಂಟಿಸಿಬಿಟ್ಟರೆ? ಶುರುವಿನಲ್ಲಿ ನಾನೂ ಅಂಟಿಸಿದ್ದೇನೆ. ಸಂಧಿಯ ಮೇಲೆ ಸಂಧಿ ಮಾಡಿ, ಬಾಯಲ್ಲಿ ಹೇಳಲಾಗದಂಥ ಪದ ಹುಟ್ಟಿಸಿ, 112ನ್ನು 100ಕ್ಕೆ ಇಳಿಸಿದ್ದೇನೆ. ಆ ಕಥೆಗಳನ್ನು ಈಗ ಓದಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಈಗ ಒಂದೇ ನಿಯಮ. ಗಟ್ಟಿಯಾಗಿ ಓದಬೇಕು. ಒಂದೇ ಉಸಿರಿಗೆ ಕೂಡಿಕೊಂಡು ಬಂದರೆ ಒಂದು ಪದ. ನಾಲಿಗೆ ನಿಂತರೆ ಎರಡು.

ಅಕ್ಷರದ ಲೆಕ್ಕ ಇದಕ್ಕಿಂತ ಗೋಜಲು. ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿಗೆ 160 ಅಕ್ಷರ ಸಿಕ್ಕಿದರೆ ಕನ್ನಡಕ್ಕೆ ಸಿಗೋದು 70. ಆ 70ರಲ್ಲೂ ಒತ್ತು, ಗುಣಿತ ಎಲ್ಲಾ ಬೇರೆ ಬೇರೆ ಎಣಿಕೆ. ನಾವು ಒಂದೇ ಅಕ್ಷರ ಅಂದುಕೊಳ್ಳುವ ‘ಸ್ತ್ರೀ’ ಯಂತ್ರಕ್ಕೆ ಆರು. ಹಾಗಾಗಿ ಅಕ್ಷರದ ಮಿತಿ ನಾನು ಹಾಕಿಕೊಳ್ಳೋದಿಲ್ಲ.

ಮಿತಿ ಅನ್ನೋದು ಬರೆಯುವವರು ಬೇಕಂತ ಹಾಕಿಕೊಂಡ ಆಟ ಅಂತ ಮೊದಲು ಅಂದುಕೊಂಡಿದ್ದೆ. ಆಮೇಲೆ ನೋಡಿದರೆ ಜನ ಯಾವಾಗಲೂ ಮಿತಿಯಲ್ಲೇ ಹೇಳಿದ್ದಾರೆ. ಮಿತಿ ಹಾಕಿದ್ದು ದುಡ್ಡು, ಇಲ್ಲವೇ ಕಲ್ಲು. ಹಾಕದೇ ಉಳಿದ ಪುಟ್ಟ ಮಗುವಿನ ಬೂಟು ಮಾರಾಟಕ್ಕಿದೆ ಅನ್ನುವ ಆರು ಪದದ ಕಥೆ ನೀವೂ ಕೇಳಿರುತ್ತೀರಿ. ಹೆಮಿಂಗ್ವೇ ಬರೆದದ್ದು ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೆ ಪುರಾವೆ ಇಲ್ಲ. ಅವರು ಹುಟ್ಟಿದ್ದು 1899ರಲ್ಲಿ. 1910ರ ಹೊತ್ತಿಗೇ ಅಮೆರಿಕದ ಪತ್ರಿಕೆಯಲ್ಲಿ, ಉಪಯೋಗಿಸದ ಮಗುವಿನ ಬಟ್ಟೆ, ಹಾಸಿಗೆ ಮಾರಾಟಕ್ಕಿದೆ ಅನ್ನುವ ಜಾಹೀರಾತಿನ ಬಗ್ಗೆ ಬರೆದಿದ್ದರು. ದೊಡ್ಡ ಲೇಖಕರ ಕೈಯಿಂದ ಬಂತು ಅನ್ನೋದಕ್ಕಿಂತ, ಪದಕ್ಕಿಷ್ಟು ಸಾಲಿಗಿಷ್ಟು ಅಂತ ದುಡ್ಡು ಕೊಟ್ಟು ಹಾಕಿಸುವ ಸಣ್ಣ ಜಾಹೀರಾತಿನಿಂದ ಬಂತು ಅನ್ನೋದೇ ನನಗೆ ಸರಿ ಅನ್ನಿಸುತ್ತದೆ.

ನಮ್ಮ ಮನೆಗಳಲ್ಲಿ ಆ ಕೆಲಸ ಮಾಡಿದ್ದು ಟೆಲಿಗ್ರಾಂ. ಪದ ಹೆಚ್ಚಾದಷ್ಟೂ ದುಡ್ಡು ಹೆಚ್ಚು. ನನ್ನ ದೊಡ್ಡಪ್ಪನ ಟ್ರಂಕಿನಲ್ಲಿ ಒಂದು ಟೆಲಿಗ್ರಾಂ ಇತ್ತು. ಮಡಿಚಿದ ಗೆರೆಯಲ್ಲಿ ಹರಿದುಹೋಗಿತ್ತು. ಇದ್ದದ್ದು ನಾಲ್ಕು ಪದ. ‘ಫಾದರ್ ಸೀರಿಯಸ್ ಸ್ಟಾರ್ಟ್ ಇಮ್ಮಿಡಿಯೆಟ್ಲಿ.’ ಇಡೀ ದೇಶಕ್ಕೆ ಬಾಯಿಪಾಠವಾಗಿದ್ದ ಸಾಲು ಅದು. ದೊಡ್ಡಪ್ಪ ಆಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದರು. ‘ಓದಿದ ತಕ್ಷಣ ಏನು ಮಾಡಿದ್ರಿ ದೊಡ್ಡಪ್ಪ?’ ಅಂತ ನಾನು ಚಿಕ್ಕವಳಿದ್ದಾಗ ಕೇಳಿದ್ದೆ. ‘ಚೀಲಕ್ಕೆ ಬಿಳಿ ಪಂಚೆ ಇಟ್ಕೊಂಡೆ’ ಅಂದರು.

ಸೀರಿಯಸ್ ಅಂತ ಬರೆದಿದ್ದರು. ತೀರಿಕೊಂಡರು ಅಂತ ಯಾರೂ ಬರೆದಿರಲಿಲ್ಲ. ಬರೆಯದೇ ಇದ್ದದ್ದನ್ನು ದೊಡ್ಡಪ್ಪ ಓದಿಕೊಂಡಿದ್ದರು. ಕಳಿಸಿದವರಿಗೂ ಅವರು ಓದಿಕೊಳ್ಳುತ್ತಾರೆ ಅಂತ ಗೊತ್ತಿತ್ತು. ರಾತ್ರಿ ಬಸ್ಸಿನಲ್ಲಿ ಒಬ್ಬರೇ ಬರಬೇಕಾದ ಮಗನಿಗೆ ಪೂರ್ತಿ ಸತ್ಯ ಬರೆಯದೇ ಇದ್ದದ್ದು ಅವರು ತೋರಿಸಿದ ದಯೆ. 2013ರ ಜುಲೈನಲ್ಲಿ ದೇಶದಲ್ಲಿ ಟೆಲಿಗ್ರಾಂ ನಿಂತುಹೋದಾಗ ಪೇಪರಿನಲ್ಲಿ ಓದಿ ಸುಮ್ಮನೆ ಪುಟ ತಿರುವಿದ್ದೆ. ಈಗ ಆ ಪಂಚೆ ಆಗಾಗ ನೆನಪಾಗುತ್ತದೆ. ಸಣ್ಣ ಕಥೆ ಬರೆಯೋದು ಅಂದರೆ ಇನ್ನೊಂದು ತುದಿಯಲ್ಲಿ ಹಾಗೆ ಓದುವವರು ಇದ್ದಾರೆ ಅಂತ ನಂಬಿ ಕಳಿಸೋದು.

ಕಲ್ಲಿನ ವಿಷಯ. ಕಾಲೇಜಿನಲ್ಲಿದ್ದಾಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಆತಕೂರಿನ ಕಲ್ಲು ನೋಡಿದೆ. ಆತಕೂರು ಇರೋದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ. ಕಲ್ಲು ಕ್ರಿ.ಶ. 949-50ರ ಕಾಲದ್ದು. ಗಂಗರ ದೊರೆ ಇಮ್ಮಡಿ ಬೂತುಗನ ಜೊತೆ ಮಣಲೇರ ಅನ್ನುವ ವೀರ ತಕ್ಕೋಲದ ಯುದ್ಧದಲ್ಲಿ ಹೋರಾಡಿದ. ದೊರೆ ಮೆಚ್ಚಿ, ಏನು ಬೇಕೋ ಕೇಳು ಅಂದ. ಮಣಲೇರ ಕೇಳಿದ್ದು ಕಾಳಿ ಅನ್ನುವ ಬೇಟೆನಾಯಿಯನ್ನು. ಆ ನಾಯಿಯನ್ನು ಕಾಡುಹಂದಿಯ ಮೇಲೆ ಬಿಟ್ಟರು. ನಾಯಿಯೂ ಸತ್ತಿತು, ಹಂದಿಯೂ ಸತ್ತಿತು. ಮಣಲೇರ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿ ಬಿಟ್ಟ. ಕಲ್ಲಿನ ಮೇಲೆ ನಾಯಿ ಹಂದಿ ಕಾದಾಡುತ್ತಿರುವ ಚಿತ್ರ ಇದೆ.

ನಾಯಿಯ ಕಥೆ ಕಲ್ಲಿನ ಮೇಲೆ ಅಷ್ಟೇ ಇರೋದು. ಉಳಿಯಿಂದ ಒಂದೊಂದೇ ಅಕ್ಷರ ಕೊರೆಯುವವರ ಹತ್ತಿರ ಮಿಕ್ಕ ಮಾತು ಎಲ್ಲಿಂದ ಬರಬೇಕು? ಮಣಲೇರ ಅತ್ತ ಅಂತ ಇಲ್ಲ. ನಾಯಿ ಅಂದರೆ ಅವನಿಗೆ ಪ್ರಾಣ ಅಂತ ಇಲ್ಲ. ಊರು ಕೇಳಬಹುದಿತ್ತು, ಚಿನ್ನ ಕೇಳಬಹುದಿತ್ತು, ಅವನು ನಾಯಿ ಕೇಳಿದ. ಅಲ್ಲಿಗೆ ಸಾವಿರದ ಎಪ್ಪತ್ತು ವರ್ಷ ಆದಮೇಲೂ ನನಗೆ ಗಂಟಲು ಕಟ್ಟುತ್ತದೆ. ಸರ್ವಜ್ಞನ ಮೂರು ಸಾಲು, ದಿನಕರ ದೇಸಾಯಿಯವರ ನಾಲ್ಕು ಸಾಲಿನ ಚುಟುಕ ನಮ್ಮ ಬಾಯಲ್ಲಿ ಉಳಿದದ್ದಕ್ಕೆ ಪ್ರಾಸ, ಲಯದ ಸಹಾಯ ಇದೆ. ಈ ಕಲ್ಲಿನ ನಾಯಿಗೆ ನನ್ನ ಮಟ್ಟಿಗೆ ಅದೂ ಬೇಕಾಗಲಿಲ್ಲ. ಕೇಳಿದ ಒಂದು ವರ ಸಾಕಾಯಿತು.

ಫೋನಿಗೆ ಬಂದು ಬೀಳುವ ಎಷ್ಟೋ ನ್ಯಾನೊ ಕಥೆಗಳ ಬಗ್ಗೆ ನನಗೆ ಇರುವ ಬೇಜಾರೂ ಇದೇ. ಕೊನೆಯ ಸಾಲಿನಲ್ಲಿ ಅವಳು ದೆವ್ವ ಆಗಿರುತ್ತಾಳೆ. ಇಲ್ಲಾ ಎಲ್ಲವೂ ಕನಸಾಗಿರುತ್ತದೆ. ಇಲ್ಲಾ ಅಮ್ಮ ಹಸಿದುಕೊಂಡು ಮಗನಿಗೆ ಊಟ ಕೊಟ್ಟಿರುತ್ತಾಳೆ, ಕೆಳಗೆ ತಾಯಿಯ ಪ್ರೀತಿ ದೊಡ್ಡದು ಅಂತ ಬರೆದಿರುತ್ತಾರೆ. ಬರೆದವರ ಪ್ರೀತಿ ಸುಳ್ಳಲ್ಲ. ಆದರೆ ಕಥೆ ಆ ಕೊನೆಯ ಸಾಲಿಗಾಗಿಯೇ ಬದುಕಿರುತ್ತದೆ. ಒಂದು ಸಲ ಗೊತ್ತಾದ ಮೇಲೆ ಮತ್ತೆ ಓದೋಕೆ ಏನೂ ಇರೋದಿಲ್ಲ. ಕೊನೆಯ ಪದ ಓದಿದ ಮೇಲೆ ಕಣ್ಣು ತಾನಾಗಿ ಮೊದಲ ಸಾಲಿಗೆ ಹೋಗಬೇಕು. ಅಲ್ಲಿ ಆಗಲೇ ಇದ್ದದ್ದು, ನಾವೇ ನೋಡದೇ ಬಿಟ್ಟದ್ದು ಸಿಗಬೇಕು. ನಾನು ಬರೆದ 60-70 ಕಥೆಗಳಲ್ಲಿ ಹಾಗೆ ಆಗಿರೋದು ಮೂರೋ ನಾಲ್ಕೋ.

ಅವುಗಳಲ್ಲಿ ಒಂದು ದೊಡ್ಡಪ್ಪನದು.

ಮೂರು ವರ್ಷದ ಹಿಂದೆ ದೊಡ್ಡಪ್ಪನನ್ನು ನೋಡೋಕೆ ತಿಪಟೂರಿನ ಹತ್ತಿರದ ಊರಿಗೆ ಹೋಗಿದ್ದೆ. ಮರೆವು ಜಾಸ್ತಿಯಾಗಿದೆ ಅಂತ ಅಕ್ಕ, ಅಂದರೆ ದೊಡ್ಡಪ್ಪನ ಮಗಳು, ಫೋನಿನಲ್ಲಿ ಹೇಳಿದ್ದಳು. ಜಗಲಿಯ ಮೇಲೆ ಕೂತಿದ್ದರು. ಮೊದಲಿನ ಹಾಗೇ ಇದ್ದರು. ಕ್ರಾಪು ತೆಗೆದಿದ್ದರು, ಹೆಗಲ ಮೇಲೆ ಟವೆಲ್ ಇತ್ತು. ನಾನು ಹತ್ತಿರ ಹೋಗಿ ಕೂತೆ. ಹುಟ್ಟಿದಾಗಿನಿಂದ ಅವರು ನನ್ನನ್ನು ಕರೆದದ್ದು ಒಂದೇ ತರಹ. ‘ಏ ಪುಟ್ಟಿ, ಕಾಫಿ ಕುಡೀತೀಯಾ?’ ಅವತ್ತು ಅವರು ಜಗಲಿಯಲ್ಲಿ ಸ್ವಲ್ಪ ಸರಿದು ಜಾಗ ಬಿಟ್ಟರು. ನನ್ನ ಮುಖ ನೋಡಿ, ತುಂಬಾ ಸೌಜನ್ಯದಿಂದ, ‘ಕಾಫಿ ಕುಡೀತೀರಾ?’ ಅಂದರು.

‘ಕುಡೀತೀಯಾ’ ಹೋಗಿ ‘ಕುಡೀತೀರಾ’ ಆಗಿತ್ತು. ‘ಯಾ’ ಇದ್ದ ಕಡೆ ‘ರಾ’ ಬಂದಿತ್ತು. ಬದಲಾದದ್ದು ಒಂದೇ ಅಕ್ಷರ. ನಾನು ‘ಹೂಂ, ಕುಡೀತೀನಿ’ ಅಂದೆ. ಬೇರೆ ಏನು ಅನ್ನಬೇಕಿತ್ತು?

ಎರಡು ವರ್ಷ ಇದನ್ನು ಬರೆಯೋಕೆ ನನ್ನ ಕೈಲಿ ಆಗಲಿಲ್ಲ. ದೊಡ್ಡಪ್ಪ ತೀರಿಕೊಂಡ ಮೇಲೆ ಕೂತೆ. ಮೊದಲ ಸಲ ಬರೆದದ್ದು 340 ಪದ. ಕಥೆಯಲ್ಲಿ ನನ್ನನ್ನು ಅವರ ಸ್ವಂತ ಮಗಳು ಅಂತ ಮಾಡಿದ್ದೆ, ಆಗ ‘ರಾ’ ಇನ್ನೂ ಚುಚ್ಚುತ್ತದೆ ಅಂತ. ಅದರಲ್ಲಿ ಡಾಕ್ಟರ್ ಇದ್ದರು, ರೋಗದ ಹೆಸರಿತ್ತು, ಮಾತ್ರೆಯ ಡಬ್ಬಿ ಇತ್ತು. ತೆಂಗಿನ ತೋಟದ ಮೇಲೇ ನಾಲ್ಕು ಸಾಲು ಇತ್ತು. ಕೊನೆಯಲ್ಲಿ ‘ಅಪ್ಪನಿಗೆ ನನ್ನ ಗುರುತು ಸಿಕ್ಕಿರಲಿಲ್ಲ’ ಅಂತ ಇತ್ತು.

ತೋಟ ಸುಲಭವಾಗಿ ಹೋಯಿತು. ಡಾಕ್ಟರ್ ಹೋದರು. ರೋಗದ ಹೆಸರು ಹೋದ ತಕ್ಷಣ ಕಥೆಗೆ ಉಸಿರು ಬಂತು. ಹೆಸರು ಇದ್ದಾಗ ಅದು ರೋಗದ ಕಥೆ ಆಗಿತ್ತು, ಹೋದಮೇಲೆ ಅಪ್ಪನ ಕಥೆ ಆಯಿತು. ಆದರೆ ಆ ಕೊನೆಯ ಸಾಲು ತೆಗೆಯೋಕೆ ಮೂರು ವಾರ ಬೇಕಾಯಿತು. ತೆಗೆದುಬಿಟ್ಟರೆ ಯಾರಿಗೂ ಅರ್ಥ ಆಗದಿದ್ದರೆ? ತೆಗೆಯುತ್ತಿದ್ದೆ, ಮತ್ತೆ ಹಾಕುತ್ತಿದ್ದೆ. ಒಂದು ದಿನ ಬಿಳಿ ಪಂಚೆ ನೆನಪಾಯಿತು. ತೆಗೆದೆ. ಮತ್ತೆ ಹಾಕಲಿಲ್ಲ.

ಕತ್ತರಿಸುತ್ತಾ ಹೋದರೆ ಒಂದು ಹಂತದಲ್ಲಿ ಸೇರಿಸೋಕೆ ಜಾಗ ಸಿಗುತ್ತದೆ. ಇದು ಯಾರೂ ನನಗೆ ಹೇಳಿರಲಿಲ್ಲ. ಅಪ್ಪನ ಕೈಯಲ್ಲಿ ಮೊದಲು ಬರೀ ‘ಛತ್ರಿ’ ಇತ್ತು. ಎರಡು ಪದದ ಜಾಗ ಸಿಕ್ಕಿದಾಗ ‘ನನ್ನ ಸ್ಕೂಲಿನ ಛತ್ರಿ’ ಅಂತ ಮಾಡಿದೆ. 340 ಪದದ ಕಥೆಯಲ್ಲಿ, ಅಪ್ಪನ ಮನಸ್ಸಿನಲ್ಲಿ ನಾನಿನ್ನೂ ಚಿಕ್ಕವಳು, ಅವರು ಹಳೆಯ ಕಾಲದಲ್ಲೇ ಇದ್ದಾರೆ ಅಂತೆಲ್ಲಾ ಒಂದು ಪ್ಯಾರಾ ಬರೆದಿದ್ದೆ. ಅಷ್ಟನ್ನೂ ಛತ್ರಿ ಹೊತ್ತುಕೊಂಡಿತು.

ಆಮೇಲೆ ಆ ರಾತ್ರಿಯ 52. ಸಾಲು ಹೀಗಿತ್ತು: ‘ಬೆಳಗ್ಗೆಯಿಂದ ಹೊರಟು ನಿಂತಿದ್ದಾರೆ, ಅಂದಳು ಅಮ್ಮ.’ ಬೇರೆ ಎಲ್ಲಿ ಮುಟ್ಟಿದರೂ ಕಥೆ ಕುಂಟುತ್ತಿತ್ತು. ಟವೆಲ್ ತೆಗೆದರೆ ಅಪ್ಪನ ಮಮತೆ ಹೋಗುತ್ತದೆ. ಇಸ್ತ್ರಿ ಅಂಗಿ ತೆಗೆದರೆ ಅವರ ಸಂಭ್ರಮ ಹೋಗುತ್ತದೆ. ಆದರೆ ಅಮ್ಮ? ಇಡೀ ದಿನ ಆ ಮನೆಯಲ್ಲಿ ಆ ಮನುಷ್ಯನನ್ನು ಸಂಭಾಳಿಸಿದವಳು ಅವಳೇ. ದೊಡ್ಡಮ್ಮನನ್ನು ನಾನು ನೋಡಿದ್ದೇನೆ. ಅವರನ್ನು ತೆಗೆದು ಹಾಕೋದು ಮೋಸ ಅನ್ನಿಸಿತು.

ಫೋನು ಕೆಳಗಿಟ್ಟು ನೀರು ಕುಡಿದೆ. ಸಾಲನ್ನು ಗಟ್ಟಿಯಾಗಿ ಹೇಳಿಕೊಂಡೆ. ಹೇಳಿಕೊಳ್ಳುವಾಗ ಬಾಯಿ ತಾನಾಗಿ ಬೇರೆ ತರಹ ಹೇಳಿತು. ‘ಹೊರಟು ನಿಂತಿದ್ದರಂತೆ.’

ಕಥೆ ಇದು:

ಬಸ್ ಇಳಿಯುವಾಗಲೇ ಮಳೆ. ಮನೆ ಸೇರುವಷ್ಟರಲ್ಲಿ ಪೂರ್ತಿ ನೆನೆದಿದ್ದೆ. ಅಪ್ಪ ಜಗಲಿಯಲ್ಲೇ ಕೂತಿದ್ದರು. ಇಸ್ತ್ರಿ ಅಂಗಿ, ಕೈಯಲ್ಲಿ ನನ್ನ ಸ್ಕೂಲಿನ ಛತ್ರಿ, ಪಕ್ಕದಲ್ಲಿ ಟಾರ್ಚು. ‘ಮಗಳು ಬರ್ತಾಳೆ, ಸ್ಟಾಪಿಗೆ ಹೋಗಿ ಕರ್ಕೊಂಡು ಬರಬೇಕು’ ಅಂತ ಬೆಳಗ್ಗೆಯಿಂದ ಹೊರಟು ನಿಂತಿದ್ದರಂತೆ. ಚಪ್ಪಲಿ ಬಿಟ್ಟು ಹತ್ತಿರ ಕೂತೆ. ಅಪ್ಪ ಇನ್ನೂ ರಸ್ತೆಯನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಒದ್ದೆ ಕೂದಲು ಕಂಡಿತೇನೋ, ಹೆಗಲ ಮೇಲಿದ್ದ ಟವೆಲ್ ತೆಗೆದು ಕೊಟ್ಟರು. ‘ಕಾಫಿ ಕುಡೀತೀರಾ?’

ಸರಿಯಾಗಿ 50. ‘ನಿಂತಿದ್ದಾರೆ ಅಂದಳು ಅಮ್ಮ’ ಅನ್ನುವ ಮೂರು ಪದ ಒಂದಾಯಿತು. ಆ ‘ಅಂತೆ’ಯಲ್ಲಿ ಯಾರೋ ಹೇಳಿದ್ದಾರೆ ಅನ್ನೋದು ಉಳಿದಿದೆ. ಯಾರು ಅನ್ನೋದು ಮಾತ್ರ ಇಲ್ಲ. ಅಷ್ಟು ಸಾಕೋ ಸಾಲದೋ ನನಗೆ ಅವತ್ತು ತಿಳಿಯಲಿಲ್ಲ.

ಮಾರನೇ ದಿನ ಆಫೀಸಿನಲ್ಲಿ ಗೆಳತಿಯೊಬ್ಬಳಿಗೆ ತೋರಿಸಿದೆ. ಅವಳಿಗೆ ಕನ್ನಡ ಓದೋಕೆ ಬರೋದಿಲ್ಲ. ಇಂಗ್ಲಿಷಿಗೆ ಮಾಡಿ ಹೇಳಿದೆ. ಎಣಿಸಿ ನೋಡಿದರೆ 100 ದಾಟಿತ್ತು. ಅಂದರೆ ನನ್ನ 50 ಹೆಚ್ಚುಕಡಿಮೆ ಅವರ 100. ಡ್ರಾಬಲ್‌ನವರ ಅಳತೆಗೆ ಹತ್ತಿರವೇ ಬರೆದಿದ್ದೆ, ಬರೆಯುವಾಗ ಗೊತ್ತಿರಲಿಲ್ಲ ಅಷ್ಟೇ. ಆದರೆ ಕೊನೆಯ ಸಾಲು ಬಂದಾಗ ಅವಳು ನನ್ನ ಮುಖ ನೋಡುತ್ತಾ ಕಾದಳು. ಕಾಫಿ ಕುಡೀತೀಯಾ ಅಂದರೂ ಕುಡೀತೀರಾ ಅಂದರೂ ಇಂಗ್ಲಿಷಿನಲ್ಲಿ ಒಂದೇ. ‘ನೀವು ಅಂದರು, ಮಗಳಿಗೆ’ ಅಂತ ಬಿಡಿಸಿ ಹೇಳಬೇಕಾಯಿತು. ಅವಳು ತಮಿಳಿನವಳು. ಹೇಳಿದ ತಕ್ಷಣ ‘ಅಯ್ಯೋ’ ಅಂತ ಕೈ ಹಿಡಿದುಕೊಂಡಳು. ಅವರ ಮನೆಯಲ್ಲೂ ಆ ಎರಡು ಬಾಲಗಳಿವೆ.

ಈ ಕಥೆಯನ್ನು ಎಲ್ಲೂ ಹಾಕುವ ಮುಂಚೆ ಅಕ್ಕನಿಗೆ ಓದಬೇಕು ಅಂತ ಮೊದಲೇ ಅಂದುಕೊಂಡಿದ್ದೆ. ಕಥೆಯಲ್ಲಿರುವ ಅಪ್ಪ ಅವಳ ಅಪ್ಪ. ನನಗೆ ಒಂದು ಮಧ್ಯಾಹ್ನ ಆದದ್ದು ಅವಳಿಗೆ ದಿನಾ ಆಗಿತ್ತು. ಭಾನುವಾರ ಫೋನ್ ಮಾಡಿದೆ. ‘ಅಕ್ಕ, ಒಂದು ಸಣ್ಣ ಕಥೆ ಓದ್ಲಾ? ದೊಡ್ಡಪ್ಪಂದು. ನಿಂಗೆ ಬೇಡ ಅನ್ಸಿದ್ರೆ ಇಲ್ಲೇ ಬಿಟ್ಬಿಡ್ತೀನಿ’ ಅಂದೆ. ‘ಓದು’ ಅಂದಳು.

ಓದಿದೆ. 50 ಪದ ಓದೋಕೆ ಅರ್ಧ ನಿಮಿಷವೂ ಬೇಕಾಗೋದಿಲ್ಲ. ಮುಗಿದ ಮೇಲೆ ಆ ಕಡೆ ಫ್ಯಾನ್ ತಿರುಗುವ ಸದ್ದು ಮಾತ್ರ ಕೇಳುತ್ತಿತ್ತು. ನಾನೂ ಮಾತಾಡಲಿಲ್ಲ.

‘ಹೊರಟು ನಿಂತಿದ್ದರಂತೆ ಅಂತ ಇದೆಯಲ್ಲ’ ಅಂದಳು ಅಕ್ಕ, ‘ಅದು ಅಮ್ಮ ಒಳಗಿಂದ ಹೇಳಿದ್ದು, ಅಲ್ವಾ?’

‘ಹೂಂ ಅಕ್ಕ.’

‘ಅಮ್ಮ ಹಾಗೇ. ಅಡುಗೆಮನೆ ಬಿಟ್ಟು ಹೊರಗೆ ಬರ್ತಿರ್ಲಿಲ್ಲ. ಅಲ್ಲಿಂದಲೇ ಹೇಳೋಳು.’ ಸ್ವಲ್ಪ ಹೊತ್ತು ಬಿಟ್ಟು, ‘ತಡಿ, ಅಮ್ಮಂಗೂ ಓದು. ಇಲ್ಲೇ ಇದಾಳೆ’ ಅಂದಳು.

ಫೋನು ಸ್ಪೀಕರಿಗೆ ಹಾಕಿದ್ದು ಗೊತ್ತಾಯಿತು. ನಾನು ಮತ್ತೆ ಮೊದಲಿಂದ ಓದಿದೆ, ಈ ಸಲ ಇನ್ನೂ ನಿಧಾನವಾಗಿ. ದೊಡ್ಡಮ್ಮನಿಗೆ ಕಿವಿ ಸ್ವಲ್ಪ ಮಂದ. ಕೊನೆಯ ಮಾತು ಕೇಳಿಸಿತೋ ಇಲ್ಲವೋ ಅಂತ ನನಗೆ ಅಳುಕು.

‘ಟವೆಲ್ಲು ಯಾವ್ದು ಅಂತ ಬರೀಲಿಲ್ವಾ ಪುಟ್ಟಿ?’ ಅಂದರು ದೊಡ್ಡಮ್ಮ.

‘ಇಲ್ಲ ದೊಡ್ಡಮ್ಮ. ಜಾಗ ಇರ್ಲಿಲ್ಲ.’

‘ಹಸಿರು ಗೀಟಿಂದು’ ಅಂದರು.